ಮೂರನೇ ಮರಕ್ಕೆ ಎರಡನೇ ಗೇರು

ನನಗೆ ಕಾರು ಓಡಿಸುವುದನ್ನು ಕಲಿಸಿದ್ದು ನಮ್ಮಪ್ಪ ಎಂದು ನೆಂಟರಿಷ್ಟರೆಲ್ಲ ಇವತ್ತಿಗೂ ಹೇಳುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಯಾರಾದರೂ ಈ ಮಾತು ತೆಗೆದರೆ ನಾನು ತಲೆ ಬಗ್ಗಿಸಿ ಎಲೆಯ ಮೇಲಿನ ಪಲ್ಯ ನೋಡುತ್ತೇನೆ. ಮಾತು ಪೂರ್ತಿ ಸುಳ್ಳೇನಲ್ಲ. ತಾನು ಕಲಿಯದೆಯೇ ಅಪ್ಪ ನನಗೆ ಕಲಿಸಿದ, ಅಷ್ಟು ನಿಜ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ದಬ್ಬೇಘಟ್ಟದ ಕಡೆಯ ನಮ್ಮ ಹಳ್ಳಿಯಲ್ಲಿ ಎರಡು ಟ್ರ್ಯಾಕ್ಟರ್ ಇದ್ದವು, ಕಾರು ಇರಲಿಲ್ಲ. ಆ ವರ್ಷ ನಮ್ಮ ಅಟ್ಟದಲ್ಲಿ ಒಣಗಿದ್ದ ಕೊಬ್ಬರಿಗೆ ತಿಪಟೂರು ಮಾರ್ಕೆಟ್ಟಿನಲ್ಲಿ ಅಪ್ಪ ಕನಸಿನಲ್ಲೂ ಕಾಣದ ರೇಟು ಸಿಕ್ಕಿತು. ಕೊಬ್ಬರಿ ತುಂಬಿದ ಲಾರಿಯಲ್ಲಿ ಹೋದವನು ವಾಪಸ್ ಬರುವಾಗ ಕಾರಿನಲ್ಲಿ ಬಂದ. ತಿಪಟೂರಿನ ಡಾಕ್ಟರೊಬ್ಬರು ಹತ್ತು ವರ್ಷ ಓಡಿಸಿ ಸಾಕಾಗಿ ಮಾರಿದ್ದು. ಹುಳಿ ಮಜ್ಜಿಗೆಯ ಬಣ್ಣ, ದಪ್ಪ ಹೊಟ್ಟೆ, ಸ್ಟೇರಿಂಗಿನ ಕೆಳಗೇ ಗೇರಿನ ಕೋಲು, ಮುಂದೆ ಮೂರು ಜನ ಸಲೀಸಾಗಿ ಕೂರುವಂಥ ಒಂದೇ ಉದ್ದನೆಯ ಸೀಟು. ಎಮ್ಮೆ ಕೊಂಡರೆ ಹಗ್ಗವೂ ಬರುವ ಹಾಗೆ ಕಾರಿನ ಜೊತೆಗೆ ಡಾಕ್ಟರ ಡ್ರೈವರನೂ ಬಂದ.

ಅಮ್ಮ ಕಾರಿಗೆ ಆರತಿ ಎತ್ತಿ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಳು. ಆಮೇಲೆ ಒಂದೇ ಒಂದು ಮಾತು ಕೇಳಿದಳು, ಗೌರಿ ಹಬ್ಬಕ್ಕೆ ಇದರಲ್ಲಿ ತವರಿಗೆ ಹೋಗಬಹುದಾ ಅಂತ. ಅಮ್ಮನ ತವರು ದಂಡಿನಶಿವರದಿಂದ ಆಚೆಯ ಒಂದು ಹಳ್ಳಿ. ಅಷ್ಟು ವರ್ಷ ಎತ್ತಿನ ಗಾಡಿ ಹತ್ತಿ, ಬಸ್ಸು ಹತ್ತಿ, ಇಳಿದು ಇನ್ನೊಂದು ಬಸ್ಸಿಗೆ ಕಾದು, ಕೊನೆಯ ಎರಡು ಮೈಲಿ ನಡೆದು ಹೋದವಳು ಅವಳು. ಹೋಗದೆ ಏನು ಎಂದು ಅಪ್ಪ ಮೀಸೆ ಸವರಿಕೊಂಡ.

ಹೋದೆವು. ಡ್ರೈವರ್ ಡಾಕ್ಟರ ಮನೆಯಲ್ಲಿ ಪಳಗಿದವನು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಬಿಳಿ ಶರ್ಟು. ಅಪ್ಪನದು ಪಂಚೆ, ಹೆಗಲ ಮೇಲೊಂದು ಟವೆಲ್ಲು. ಅಮ್ಮನ ಸೋದರತ್ತೆ ಒಬ್ಬರಿದ್ದರು, ಕಣ್ಣು ಮಂಜಾಗಿತ್ತು. ಅವರು ಬಾಗಿಲಿಗೆ ಬಂದು, ಬಿಳಿ ಬಟ್ಟೆ ಕಂಡವನ ಕೈಗೆ ನೀರಿನ ಚೆಂಬು ಕೊಟ್ಟು, ಅಳಿಯಂದಿರು ಬಂದರು ಎಂದು ಒಳಗೆ ಕರೆದು, ಜಮಖಾನದ ಮೇಲೆ ಕೂರಿಸಿದರು. ಅಪ್ಪನಿಗೆ, ಜಗಲಿ ಮೇಲೆ ಕೂತಿರಪ್ಪ, ಆಮೇಲೆ ಊಟಕ್ಕೆ ಕರೆಯುತ್ತೇವೆ ಅಂದರು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕು ತಪ್ಪನ್ನು ಸರಿ ಮಾಡಿದರು. ಅಪ್ಪನೂ ನಕ್ಕ. ಅಲ್ಲಿಗೇ ಮುಗಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಲ್ಲಿ ನಮ್ಮ ಚಿಕ್ಕಪ್ಪ ಇದ್ದ.

ಚಿಕ್ಕಪ್ಪ ಅಂದರೆ ಅಮ್ಮನ ತಂಗಿಯ ಗಂಡ, ಅಪ್ಪನಿಗೆ ಷಡ್ಡಕ. ತಿಪಟೂರಿನಲ್ಲಿ ಕೊಬ್ಬರಿ ದಲ್ಲಾಳಿ. ಮೊಣಕೈ ಕಿಟಕಿಯಿಂದ ಆಚೆ ಹಾಕಿಕೊಂಡು ತನ್ನ ಕಾರನ್ನು ಒಂದೇ ಕೈಯಲ್ಲಿ ಓಡಿಸುವ ಮನುಷ್ಯ. ಎಲ್ಲರ ನಗು ನಿಲ್ಲುವವರೆಗೂ ಕಾದು, ಆಮೇಲೆ ಹೇಳಿದ:

"ಹೋಗ್ಲಿ ಬುಡಿ, ಅತ್ತೆದೇನೂ ತಪ್ಪಿಲ್ಲ. ಕಾರು ಅಣ್ಣಂದು, ಕೈ ಬಾಡಿಗೇದು."

ಮಾರನೆಯ ಬೆಳಿಗ್ಗೆ ಅಪ್ಪ ಹಲ್ಲುಜ್ಜುತ್ತಾ ತೀರ್ಮಾನ ಹೇಳಿದ. ಮುಂದಿನ ಗೌರಿ ಹಬ್ಬಕ್ಕೆ ಕಾರನ್ನು ತಾನೇ ಓಡಿಸಿಕೊಂಡು ಹೋಗಿ, ಹೆಂಡತಿಯನ್ನು ಅವಳ ತವರಿನ ಬಾಗಿಲಲ್ಲಿ ಇಳಿಸುವುದು. ಷಡ್ಡಕನ ಎದುರಿಗೇ ಇಳಿಸುವುದು. ಆಗ ಅಪ್ಪನಿಗೆ ಐವತ್ತೆರಡೋ ಐವತ್ತಮೂರೋ. ಸೈಕಲ್ಲು ಕೂಡ ಬರುತ್ತಿರಲಿಲ್ಲ.

ಡ್ರೈವರನ ಹತ್ತಿರ ಅಪ್ಪನ ಕಲಿಕೆ ನಾಲ್ಕೇ ದಿನ ನಡೆಯಿತು. ಆ ಡ್ರೈವರು ಒಂದು ಗಟ್ಟಿ ಮಾತು ಆಡಿದವನಲ್ಲ. ಕಾರು ಜಿಗಿದಾಗಲೆಲ್ಲ ಕಣ್ಣು ಮುಚ್ಚಿಕೊಂಡು ಮನೆದೇವರನ್ನು ನೆನೆಯುತ್ತಿದ್ದ, ಅಷ್ಟೆ. ತನ್ನಿಂದ ಸಂಬಳ ತಗೊಳ್ಳುವವನು ತನ್ನ ಪಕ್ಕದಲ್ಲೇ ಕೂತು ಹೀಗೆ ಪ್ರಾಣಭಯ ಪಡುವುದು ಅಪ್ಪನಿಗೆ ಬೈಗುಳಕ್ಕಿಂತ ಹೆಚ್ಚಾಯಿತು. ಐದನೇ ದಿನ ಡ್ರೈವರನನ್ನು ತಿಪಟೂರಿನ ಬಸ್ಸಿಗೆ ಹತ್ತಿಸಿದ. ಬಸ್ಸಿನ ಕಿಟಕಿಯಲ್ಲಿ ಕಂಡ ಆ ಡ್ರೈವರನ ಮುಖದಷ್ಟು ನೆಮ್ಮದಿಯ ಮುಖವನ್ನು ನಾನು ಆಮೇಲೆ ಹೆಚ್ಚು ನೋಡಿಲ್ಲ.

ನಾನು ತಿಪಟೂರಿನಲ್ಲಿ ಕಾಲೇಜು ಮುಗಿಸಿ, ವರ ಬರಲಿ ಎಂದು ಮನೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದ ಕಾಲ ಅದು. ನಾನೂ ಕಲಿಯುತ್ತೇನೆ ಅಂದೆ. ಅಪ್ಪ ನಕ್ಕುಬಿಟ್ಟ. "ನಿಂಗ್ಯಾಕವ್ವ ಅದು? ಮದ್ವೆ ಆದ್ಮೇಲೆ ಗಂಡ ಓಡಿಸ್ತಾನೆ, ನೀನು ಪಕ್ಕದಲ್ಲಿ ಕುಂತ್ಕಂಡು ಹೋಗು" ಅಂದ. ಮೈಯೆಲ್ಲ ಉರಿದುಹೋಯಿತು ನನಗೆ. ಸೈಕಲ್ಲು ಬರದವನು, ಡ್ರೈವರನನ್ನು ಓಡಿಸಿದವನು, ಬಿ.ಎ. ಪಾಸಾದವಳಿಗೆ ಹೇಳುವ ಮಾತೇ ಇದು? ಆದರೆ ಪಕ್ಕದಲ್ಲಿ ಕೂರುವ ಭಾಗ್ಯ ಮದುವೆಗೆ ಮೊದಲೇ, ಅದೂ ಅವತ್ತು ಸಾಯಂಕಾಲವೇ ಒದಗಿ ಬಂತು. ಮರ ಎಣಿಸುವುದಕ್ಕೆ ಅಪ್ಪನಿಗೆ ಒಬ್ಬರು ಬೇಕಾಗಿದ್ದರು.

ಮರದ ವಿಷಯ ಬಿಡಿಸಿ ಹೇಳಬೇಕು. ನಮ್ಮ ತೋಟದ ನಡುವೆ ಎತ್ತಿನ ಗಾಡಿಯ ಜಾಡು ಇತ್ತು. ಅದರ ಪಕ್ಕಕ್ಕೆ ಅಳತೆ ಹಿಡಿದು ನೆಟ್ಟ ಹದಿನೈದು ತೆಂಗಿನ ಮರಗಳ ಸಾಲು, ಮರದಿಂದ ಮರಕ್ಕೆ ಮೂವತ್ತು ಅಡಿ. ನಮ್ಮ ಕಡೆಯವರು ದೂರವನ್ನು ಮರದಲ್ಲೇ ಅಳೆಯುವ ಜನ. ಏಳನೇ ಮರದ ಹತ್ತಿರ ಹಾವು ಕಂಡಿತು ಅಂದರೆ ಮನೆಯಲ್ಲಿ ಎಲ್ಲರಿಗೂ ಜಾಗ ತಿಳಿಯುತ್ತಿತ್ತು. ಹಾಗಾಗಿ ಡ್ರೈವರನಿಗೆ ಹೊಳೆಯದ ಒಂದು ವಿಧಾನ ಅಪ್ಪನಿಗೆ ಹೊಳೆಯಿತು. ಒಂದನೇ ಮರದಲ್ಲಿ ಹೊರಡುವುದು. ಮೂರನೇ ಮರಕ್ಕೆ ಎರಡನೇ ಗೇರು. ಏಳನೇ ಮರಕ್ಕೆ ಮೂರನೇ ಗೇರು. ಹನ್ನೊಂದಕ್ಕೆ ಕಾಲು ಎತ್ತುವುದು, ಹದಿಮೂರಕ್ಕೆ ಬ್ರೇಕು. ಕೊನೆಯ ಮರವನ್ನು ಸುತ್ತಿಕೊಂಡು, ಸಾಲಿನ ಆಚೆ ಬದಿಯಿಂದ ವಾಪಸ್. ನಾಲ್ಕನೇ ಗೇರಿಗೆ ಮರ ಸಾಲುತ್ತಿರಲಿಲ್ಲ, ಅದನ್ನು ಬಿಟ್ಟೇಬಿಟ್ಟ.

ಕ್ಲಚ್ಚು ಒತ್ತುತ್ತಾ ಲೆಕ್ಕ ಇಡುವುದು ಅಪ್ಪನಿಂದ ಆಗಲಿಲ್ಲ. ಅದಕ್ಕೇ ನಾನು ಎಡಗಡೆ ಕೂತು ಒಂದು, ಎರಡು, ಮೂರು ಎಂದು ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ ಕೂಗುತ್ತಿದ್ದೆ. ಒಂದು ದಿನ ಒಣಗಿದ ಕಾಯೊಂದು ಧೊಪ್ಪನೆ ಕಾರಿನ ನೆತ್ತಿಯ ಮೇಲೆ ಬಿತ್ತು. ಅಪ್ಪ ಇಳಿದು ಮೊದಲು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ, ಆಮೇಲೆ ಕಾರು ನೋಡಿದ. ಕಾಯಿ ಚೆನ್ನಾಗಿತ್ತು.

ರಿವರ್ಸ್ ಮಾತ್ರ ಅಪ್ಪ ಕಲಿಯಲಿಲ್ಲ. ತೋಟದಲ್ಲಿ ಅದರ ಅಗತ್ಯವೇ ಇರಲಿಲ್ಲವಲ್ಲ, ಮರ ಸುತ್ತಿ ಬಂದರಾಯಿತು. ನಾನು ಒಂದೆರಡು ಸಲ ನೆನಪಿಸಿದೆ. "ಹಿಂದಕ್ಕೆ ಹೋಗಾಕೆ ಕಾರು ಯಾಕೆ ಬೇಕು?" ಅಂದ. ಆದರೆ ಕೊನೆಯ ಮರದ ಆಚೆ ನಮ್ಮ ತಿಪ್ಪೆ ಇತ್ತು. ಅಪ್ಪ ಬಹಳಷ್ಟು ದಿನ ಮರ ಸುತ್ತುವುದಕ್ಕೆ ತಡಮಾಡಿ, ಕಾರಿನ ಮೂತಿಯನ್ನು ನೆಟ್ಟಗೆ ತಿಪ್ಪೆಗೆ ತಂದು ನಿಲ್ಲಿಸುತ್ತಿದ್ದ. ನಿಲ್ಲಿಸಿ, ಅಲ್ಲಿಗೇ ಬರಬೇಕೆಂದು ಹೊರಟವನ ಹಾಗೆ ಇಳಿಯುತ್ತಿದ್ದ. "ಪಾತಿಗೆ ನೀರು ತಿರುಗಿಸಬೇಕು, ನೋಡ್ಕಂಡಿರು" ಎಂದು ಟವೆಲ್ಲು ಕೊಡವಿ ನಡೆದುಬಿಡುತ್ತಿದ್ದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಹಾಗೆ.

ತಿಪ್ಪೆಯ ವಾಸನೆಯಲ್ಲಿ ಎಷ್ಟು ಹೊತ್ತು ಕೂರುವುದು? ಆಳುಗಳು ಬಂದು ಕಾರನ್ನು ಹಿಂದಕ್ಕೆ ತಳ್ಳುವವರೆಗೂ ಮೂರು ದಿನ ಕೂತೆ. ನಾಲ್ಕನೇ ದಿನ ಬಲಗಡೆಗೆ ಸರಿದೆ. ಡ್ರೈವರ್ ಕಾರು ಹಿಂದಕ್ಕೆ ತೆಗೆಯುವಾಗ ಗೇರಿನ ಕೋಲನ್ನು ಎಲ್ಲಿಗೆ ಎಳೆಯುತ್ತಿದ್ದ ಎಂದು ನೋಡಿ ಇಟ್ಟುಕೊಂಡಿದ್ದೆ. ಮೊದಲ ಸಲ ಕಾರು ಕೆಮ್ಮಿ ಸುಮ್ಮನಾಯಿತು, ಎರಡನೇ ಸಲ ಹಿಂದಕ್ಕೆ ಸರಿಯಿತು. ಆಗ ನನಗಾದ ಸಂತೋಷವನ್ನು ಇಲ್ಲಿ ಬರೆಯಲಾರೆ. ಬಿ.ಎ. ರಿಸಲ್ಟ್ ಬಂದಾಗ ಅದರ ಕಾಲು ಭಾಗವೂ ಆಗಿರಲಿಲ್ಲ. ಕತ್ತು ತಿರುಗಿಸಿಕೊಂಡೇ ಹದಿನೈದು ಮರ ದಾಟಿ, ಮನೆಯ ಹಿತ್ತಲಿಗೆ ತಂದು ನಿಲ್ಲಿಸಿದೆ. ಲೈಸೆನ್ಸ್ ಇಲ್ಲದವಳು, ತಪ್ಪೇ. ಆದರೆ ನಮ್ಮ ತೋಟ, ನಮ್ಮ ತಿಪ್ಪೆ.

ಅವತ್ತಿನಿಂದ ಅದೇ ಪದ್ಧತಿಯಾಯಿತು. ಅಪ್ಪ ಕಾರನ್ನು ತಿಪ್ಪೆಗೆ ಬಿಟ್ಟು ಹೋಗುವುದು, ನಾನು ಹಿತ್ತಲಿಗೆ ತರುವುದು. ಹಿತ್ತಲ ಬಾಗಿಲಲ್ಲಿ ಅಮ್ಮ ಪಾತ್ರೆ ತೊಳೆಯುತ್ತಾ ಇರುತ್ತಿದ್ದಳು. ಮೊದಲ ದಿನ ತಲೆ ಎತ್ತಿ ನೋಡಿದಳು, ಮತ್ತೆ ಪಾತ್ರೆ ತೊಳೆದಳು. ಅಪ್ಪ ಕತ್ತಲಾಗುವ ಮುಂಚೆ ಮನೆಗೆ ಬಂದು, ಹಿತ್ತಲಲ್ಲಿ ನಿಂತ ಕಾರನ್ನು ದಾಟಿ, ಕೈಕಾಲು ತೊಳೆದು ಒಳಗೆ ಬರುತ್ತಿದ್ದ. ಕಾರು ಅಲ್ಲಿಗೆ ಹೇಗೆ ಬಂತು ಎಂದು ಒಂದು ದಿನವೂ ಕೇಳಲಿಲ್ಲ. ಕಾರೂ ಹಸುವಿನ ಹಾಗೆ ಹೊತ್ತಿಗೆ ಸರಿಯಾಗಿ ತಾನೇ ಮನೆಗೆ ಬರುತ್ತದೆ ಎಂದು ನಂಬಿದ್ದಾನೆ ಅಂದುಕೊಂಡೆ. ಅದು ನನ್ನನ್ನು ತಿನ್ನುತ್ತಿತ್ತು. ಒಂದು ಸಲ ಕೇಳಬಾರದೇ ಮನುಷ್ಯ?

ತೋಟದಲ್ಲಿ ಅಪ್ಪನಿಗೆ ಸರಿಸಾಟಿ ಇಲ್ಲ ಅನ್ನುವಂತಾದ ಮೇಲೆ ರಸ್ತೆಗೆ ಇಳಿದೆವು. ತುರುವೇಕೆರೆ ದಾರಿಯ ಮರಗಳನ್ನು ನೆಡಿಸಿದವರು ಅಪ್ಪನ ಅನುಕೂಲ ನೋಡಿ ನೆಡಿಸಿರಲಿಲ್ಲ. ಎರಡು ಹುಣಿಸೆ ಮರ ಒಟ್ಟೊಟ್ಟಿಗೆ, ಆಮೇಲೆ ಎಲ್ಲೋ ಒಂದು ಆಲ, ಆಮೇಲೆ ಒಂದು ಮೈಲಿ ಬಟಾಬಯಲು. ಹುಣಿಸೆ ಬಂದ ಕಡೆ ಅಪ್ಪ ಪಟಪಟನೆ ಗೇರು ಬದಲಿಸಿ ಕಾರು ನಡುಗಿಸುತ್ತಿದ್ದ. ಬಯಲು ಬಂದರೆ ಒಂದನೇ ಗೇರಿನಲ್ಲೇ ಅರಚಿಸಿಕೊಂಡು, ಮುಂದಿನ ಮರಕ್ಕಾಗಿ ಕಣ್ಣು ಕಿರಿದು ಮಾಡಿ ಕಾಯುತ್ತಿದ್ದ. ಎತ್ತಿನ ಗಾಡಿಯವನೊಬ್ಬ ನಮ್ಮನ್ನು ದಾಟಿಕೊಂಡು ಹೋದ. ಹೋಗುವಾಗ ತಿರುಗಿ ನೋಡಿದ. ರಸ್ತೆಯೇ ಸರಿಯಿಲ್ಲ ಎಂದು ಅಪ್ಪ ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಗಾಡಿಯವನು ನೋಡಿದ ನೋಟ ನನಗೆ ತಡೆಯಲಾಗಲಿಲ್ಲ. ಮಾರನೆಯ ದಿನ ಬಟಾಬಯಲಿನಲ್ಲಿ ಇಂಜಿನ್ನು ಗುರುಗುಟ್ಟಿದ ಕೂಡಲೇ ನಾನು "ಮೂರು" ಅಂದೆ. ಅಪ್ಪ ತಟ್ಟನೆ ಎರಡನೇ ಗೇರಿಗೆ ಹಾಕಿದ. ಇನ್ನಷ್ಟು ಗುರುಗುಟ್ಟಿದಾಗ "ಏಳು" ಅಂದೆ. ಮೂರನೇ ಗೇರು. ಎದುರಿಗೆ ಬಸ್ಸು ಕಂಡಾಗ "ಹದಿಮೂರು" ಅಂದೆ. ಬ್ರೇಕು. ಅಪ್ಪ ಪಕ್ಕಕ್ಕೆ ತಿರುಗಿ ಮರ ಇದೆಯೋ ಇಲ್ಲವೋ ನೋಡಲಿಲ್ಲ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಮುಂದೆಯೇ ನೋಡುತ್ತಿದ್ದ. ಹೀಗೆ ಆ ಕಾರನ್ನು ಅಪ್ಪನ ಕೈಕಾಲು ಓಡಿಸುತ್ತಿದ್ದವು, ನನ್ನ ಬಾಯಿ ನಡೆಸುತ್ತಿತ್ತು.

ಲೈಸೆನ್ಸಿನ ಪರೀಕ್ಷೆಗೆ ತಿಪಟೂರಿಗೆ ಹೋದಾಗಲೂ ನಾನು ಹಿಂದಿನ ಸೀಟಿನಲ್ಲಿ ಇದ್ದೆ. ದೇವರ ದಯೆ, ಪರೀಕ್ಷೆಯ ರಸ್ತೆಯ ಎರಡೂ ಕಡೆ ತೆಂಗಿನ ತೋಟ. ನಾನು ಮೆಲ್ಲಗೆ ಎಣಿಸುತ್ತಿದ್ದೆ. ಮುಂದೆ ಕೂತಿದ್ದ ಸಾಹೇಬರು ತಿರುಗಿ, ಏನಮ್ಮಾ ಎಣಿಸುತ್ತಿದ್ದೀಯಾ ಎಂದು ಕೇಳಿದರು. ಮರ ಸಾರ್ ಅಂದೆ. ನಿಮ್ಮ ತೋಟವಾ ಎಂದರು. ಅಲ್ಲ ಸಾರ್, ಅಭ್ಯಾಸ ಅಂದೆ. ಅವರು ಬೇರೆ ಸೀಮೆಯವರು, ಈ ಕಡೆಯ ಜನ ಕಂಡವರ ಮರವನ್ನೂ ಎಣಿಸುತ್ತಾರೆ ಎಂದು ನಂಬಿ ತಲೆಯಾಡಿಸಿದರು. ಈಗ ಹಿಂದಕ್ಕೆ ತೆಗೆಯಿರಿ ನೋಡೋಣ ಅನ್ನುವಷ್ಟರಲ್ಲಿ ದಪ್ಪ ಹನಿ ಮಳೆ ಶುರುವಾಯಿತು. ಸಾಲಿನಲ್ಲಿ ಇನ್ನೂ ಹತ್ತು ಜನ ನೆನೆಯುತ್ತಾ ನಿಂತಿದ್ದರು. ಸಾಕು ಇಳಿಯಿರಿ ಅಂದರು. ಅಪ್ಪನ ಲೈಸೆನ್ಸು ಬಂತು. ದೇವರ ಮನೆಯಲ್ಲಿ ಒಂದು ವಾರ ಇಟ್ಟು ಪೂಜೆ ಮಾಡಿಸಿದ.

ಗೌರಿ ಹಬ್ಬವೂ ಬಂತು. ಅಮ್ಮ ಹಿಂದಿನ ಸೀಟಿನಲ್ಲಿ, ವಾಂತಿಯಾಗದಿರಲಿ ಎಂದು ನಿಂಬೆಹಣ್ಣು ಮೂಸುತ್ತಾ. ನಾನು ಮುಂದೆ, ಎಡಗಡೆ, ಇಲ್ಲದ ಮರ ಎಣಿಸುತ್ತಾ. ದಂಡಿನಶಿವರ ದಾಟುವಷ್ಟರಲ್ಲಿ ನನ್ನ ಗಂಟಲು ಕಟ್ಟಿತ್ತು. ಅಮ್ಮನ ಊರಿನ ಅರಳಿಕಟ್ಟೆಯ ಹತ್ತಿರ ಚಿಕ್ಕಪ್ಪನ ಕಾರು ನಿಂತಿತ್ತು, ಮೂತಿ ರಸ್ತೆಯ ಕಡೆಗೆ. ಅದನ್ನು ಕಂಡದ್ದೇ ಅಪ್ಪನ ಬೆನ್ನು ನೆಟ್ಟಗಾಯಿತು. ಅಲ್ಲೇ ನಿಲ್ಲಿಸಿ ನಡೆದು ಹೋಗೋಣ ಅಂದೆ. ಅಪ್ಪ ಕೇಳಲಿಲ್ಲ. ಬಾಗಿಲಲ್ಲಿ ಇಳಿಸುತ್ತೇನೆ ಅಂದದ್ದು ಬಾಗಿಲಲ್ಲೇ. ಅಮ್ಮನ ತವರಿನ ಬೀದಿಯೋ, ಎರಡು ಗಾಡಿ ಎದುರಾದರೆ ಒಂದು ಮನೆಯೊಳಗೆ ಹೋಗಬೇಕು. ಅವರದು ಬೀದಿಯ ಕೊನೆಯ ಮನೆ, ಅದರಾಚೆ ಹುಲ್ಲಿನ ಬಣವೆ. ನಾನು ಹನ್ನೊಂದು ಅಂದೆ, ಹದಿಮೂರು ಅಂದೆ. ಅಪ್ಪ ಹೊಸಲಿನ ಎದುರಿಗೇ, ಒಂದು ಗೇಣು ಆಚೀಚೆ ಆಗದಂತೆ ನಿಲ್ಲಿಸಿದ.

ಅಮ್ಮ ಇಳಿದಳು. ಬೀದಿಯವರೆಲ್ಲ ನೋಡಿದರು. ಆ ಸೋದರತ್ತೆ ಈ ಸಲ ಅಪ್ಪನ ಮುಖವನ್ನು ಮುಟ್ಟಿ ನೋಡಿ ಚೆಂಬು ಕೊಟ್ಟರು. ಅಪ್ಪ ಜಮಖಾನದ ಮೇಲೆ ಕೂತ. ಚಿಕ್ಕಪ್ಪ ಎಲೆ ಅಡಿಕೆ ತಟ್ಟೆಯನ್ನು ತಾನೇ ಅಪ್ಪನ ಕಡೆಗೆ ಸರಿಸಿದ. ಗೆದ್ದೆವು ಅನ್ನಿಸಿತು. ಊಟದ ಎಲೆಯ ಮುಂದೆ ಕೂತಾಗ ಕಿಟಕಿಯಿಂದ ಕಾರು ಕಂಡಿತು, ಮೂತಿ ಬಣವೆಗೆ. ಇಲ್ಲಿ ಸುತ್ತಿಕೊಂಡು ಬರುವುದಕ್ಕೆ ಮರ ಇಲ್ಲ. ಅಪ್ಪನಿಗೆ ಇದು ಹೊಳೆದಿದೆಯೋ ಇಲ್ಲವೋ ಎಂದು ಎದುರು ಸಾಲಿನ ಕಡೆ ನೋಡಿದೆ. ನಾಲ್ಕನೇ ಒಬ್ಬಟ್ಟಿಗೂ ಬೇಡ ಅನ್ನದೆ, ಅದನ್ನು ಚೂರು ಚೂರೇ ಮುರಿದು ಬಹಳ ನಿಧಾನವಾಗಿ ತಿನ್ನುತ್ತಿದ್ದ. ಹೊಳೆದಿತ್ತು.

ಎಷ್ಟು ಒಬ್ಬಟ್ಟು ತಿಂದರೂ ಹೊರಡುವ ಹೊತ್ತು ಬಂದೇ ಬಂತು. ಅಮ್ಮನಿಗೆ ಮಡಿಲಕ್ಕಿ ತುಂಬಿದರು. ಬೀಳ್ಕೊಡುವುದಕ್ಕೆ ಬೀದಿಯೇ ನೆರೆಯಿತು. ಅಪ್ಪ ಕಾರು ಸ್ಟಾರ್ಟ್ ಮಾಡಿದ. ಗೇರಿನ ಕೋಲನ್ನು ಅತ್ತ ತಳ್ಳಿದ, ಇತ್ತ ಎಳೆದ, ಕಾರು ಮುಂದಕ್ಕೆ ಹಾರಿ ಬಣವೆಗೆ ಮೂತಿ ಇಟ್ಟು ನಿಂತಿತು. ಬಾನೆಟ್ಟಿನ ಮೇಲೆ ಒಂದು ಹೊರೆ ಹುಲ್ಲು ಬಿತ್ತು. ಯಾರೋ ಕಿಸಕ್ಕೆಂದರು. ಚಿಕ್ಕಪ್ಪ ಬಂದು ಬಾಗಿಲ ಹಿಡಿಯ ಮೇಲೆ ಕೈ ಇಟ್ಟ.

"ಇಳೀ ಅಣ್ಣ. ನಾನ್ ತೆಗೆದುಕೊಡ್ತೀನಿ."

ಅತ್ತ ದರಿ, ಇತ್ತ ಪುಲಿ. ಒಂದು ವರ್ಷದ ಮರಗಳ ಲೆಕ್ಕವೆಲ್ಲ ಆ ಕೈಯ ಕೆಳಗೆ ಸಿಕ್ಕಿಕೊಂಡಿತ್ತು. ಅಪ್ಪನನ್ನು ನೋಡಿ ನನಗೆ ಅಳು ಬಂತು. ಅವನು ಟವೆಲ್ಲಿನಲ್ಲಿ ಅಂಗೈ ಒರೆಸಿಕೊಂಡ. ಇಳಿದ. ಬಾಗಿಲನ್ನು ಹಿಡಿದುಕೊಂಡೇ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಬ್ಯಾಡ ಕಣಪ್ಪ. ನಮ್ ಹುಡ್ಗಿ ತೆಗೀತಾಳೆ. ದಿನಾ ತಿಪ್ಪೆ ತಾವಿಂದ ತೆಗೆಯೋಳು ಅವಳೇಯ."

ದಿನಾ ಅಂದ. ಅಂದರೆ ಎಲ್ಲ ಗೊತ್ತಿತ್ತು. ಪಾತಿಗೆ ನೀರು ತಿರುಗಿಸುವ ನೆಪದಲ್ಲಿ ಯಾವ ಮರದ ಹಿಂದೆ ನಿಂತು ನೋಡುತ್ತಿದ್ದನೋ, ಒಂದು ಮಾತು ಆಡಿರಲಿಲ್ಲ. ನನಗೆ ಸಂತೋಷಕ್ಕೆ ಎದೆ ತುಂಬಿ ಬಂತು, ಅಷ್ಟೇ ಸಿಟ್ಟೂ ಬಂತು. ಎರಡನ್ನೂ ಇಟ್ಟುಕೊಂಡೇ ಸೆರಗು ಸಿಕ್ಕಿಸಿ ಬಲಗಡೆಗೆ ಸರಿದೆ. ಅಪ್ಪ ಸುತ್ತಿಕೊಂಡು ಬಂದು ಎಡಗಡೆ ಕೂತ.

ಹಿಂದಕ್ಕೆ ತೆಗೆಯುವಾಗ ಕತ್ತು ತಿರುಗಿಸಲೇಬೇಕಲ್ಲ, ತಿರುಗಿಸಿದೆ. ಅಮ್ಮ ಮಡಿಲಕ್ಕಿಯನ್ನು ಒಂದು ಕೈಯಲ್ಲಿ ಅವುಚಿಕೊಂಡು, ಇನ್ನೊಂದು ಕೈಯನ್ನು ಸೀಟಿಗೆ ಊರಿ, ಹಿಂದಿನ ಗಾಜಿನ ಕಡೆ ತಿರುಗಿ ಕೂತಿದ್ದಳು. "ಬಾ, ಬಾ, ಇನ್ನೂ ಜಾಗ ಐತೆ. ಗೋಡೆ ನಾನ್ ನೋಡ್ತೀನಿ, ನೀನ್ ಬಾ" ಅಂದಳು. ಜನ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ನಾನೂ ಅಮ್ಮನೂ ಹಿಂದೆ ನೋಡುತ್ತಿದ್ದೆವು. ಅಪ್ಪ ಒಬ್ಬನೇ ಮುಂದೆ ನೋಡುತ್ತಾ, ದೂರವಾಗುತ್ತಿದ್ದ ಷಡ್ಡಕನಿಗೂ ನೆಂಟರಿಗೂ ಕೈ ಮುಗಿಯುತ್ತಾ ಕೂತಿದ್ದ.

ಅರಳಿಕಟ್ಟೆಯ ಹತ್ತಿರ ಕಾರು ತಿರುಗಿಸಿ ನಿಲ್ಲಿಸಿದೆ. ಇನ್ನು ಜಾಗ ಬದಲಿಸಬೇಕು ಎಂದು ನನ್ನ ಕಡೆಯ ಬಾಗಿಲು ತೆರೆದೆ. ಅಪ್ಪ ಅಲ್ಲಾಡಲಿಲ್ಲ. ಕೈ ಚಾಚಿ ಬಾಗಿಲು ಹಾಕು ಎಂದು ಸನ್ನೆ ಮಾಡಿದ. ಮುಂದೆ ರಸ್ತೆಯ ಎರಡೂ ಕಡೆ ರಾಗಿ ಹೊಲ, ಕಣ್ಣು ಹರಿಯುವಷ್ಟು ದೂರ ಒಂದು ಮರ ಇರಲಿಲ್ಲ. ಅಪ್ಪ ಗಂಟಲು ಸರಿಮಾಡಿಕೊಂಡು, "ಒಂದು" ಅಂದ.

ನಾನು ಹೊರಟೆ. ಬಹಳ ಹೊತ್ತಿನ ಮೇಲೆ "ಎರಡು" ಅಂದ. ಇಂಜಿನ್ನು ಗುರುಗುಟ್ಟಿತು, ಆಮೇಲೆ ಅರಚಿತು, ಅಮ್ಮ ಹಿಂದಿನಿಂದ ಏನಾಯಿತೇ ಎಂದು ಕೇಳಿದಳು. ಅಪ್ಪ "ಮೂರು" ಅನ್ನುವವರೆಗೂ ನಾನು ಗೇರು ಮುಟ್ಟಲಿಲ್ಲ.